ಒಡಲ ನಕ್ಷೆ: ಜಂಘೆಯ ಸೂಜಿ ಕೊನೆಗೂ ಕೂತಿತು

ಪ್ಲೈವುಡ್ ಹಲಗೆಯ ಮೇಲೆ ಆಳೆತ್ತರದ ದೇಹದ ಚಿತ್ರ ಬರೆದು, ಒಂದೊಂದು ಅಂಗಕ್ಕೂ ಗುಂಡುಸೂಜಿ ಚುಚ್ಚಿ, ಅಲ್ಲಿಂದ ದಾರವೆಳೆದು ಪದದ ಚೀಟಿಗೆ ಕಟ್ಟುವ ನನ್ನ ‘ಒಡಲ ನಕ್ಷೆ’ಯಲ್ಲಿ ‘ಜಂಘೆ’ ಎಂಬ ಸಂಸ್ಕೃತ ಪದದ ಸೂಜಿ ಕೊನೆಗೂ ಮೊಣಕಾಲಿನ ಕೆಳಗೆ ಕೂತಿದೆ. ಚೀಟಿ ಬರೆಯುವ ಕ್ರಮ, ದಾರಗಳ ಬಣ್ಣದ ಹಂಚಿಕೆ, ನಿಘಂಟುಗಳನ್ನು ಎದುರುಬದುರು ಇಟ್ಟು ನೋಡುವ ಬಗೆ ಇವೆಲ್ಲ ಪದಗಳ ಬೆನ್ನು ಹತ್ತಿದವರಿಗೆ ತಿಳಿದಿರುವ ಸಂಗತಿಗಳೇ ಆದ್ದರಿಂದ ಅವನ್ನು ಬಿಟ್ಟು, ತೊಡೆಗೋ ಮೊಣಕಾಲಿನ ಕೆಳಗೋ ಎಂದು ಈ ಒಂದು ಸೂಜಿ ಕೊಟ್ಟ ಕಾಟವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕನ್ನಡದ ಮಾತಿನಲ್ಲಿ ಜಂಘೆ ಒಂಟಿಯಾಗಿ ಸಿಗುವುದು ಅಪರೂಪ. ‘ಜಂಘಾಬಲವೇ ಉಡುಗಿಹೋಯಿತು’ ಎನ್ನುವಾಗ ಅದು ಬಾಯಿಗೆ ಬರುತ್ತದೆ. ಅಲ್ಲಿಯೂ ಅದು ಅಂಗವಾಗಿ ಉಳಿಯದೆ ಧೈರ್ಯವಾಗಿ ಮಾರ್ಪಟ್ಟಿದೆ. ಆ ಬಲ ಕಾಲಿನ ಯಾವ ಭಾಗದ್ದು ಎಂದು ಮನೆಯವರನ್ನೂ ಗೆಳೆಯರನ್ನೂ ಕೇಳಿದಾಗ ತೊಡೆ ಮುಟ್ಟಿ ತೋರಿಸಿದವರೇ ಹೆಚ್ಚು. ಪೈಲ್ವಾನರು ಅಖಾಡಕ್ಕಿಳಿದು ತಟ್ಟುವುದು ತೊಡೆಯನ್ನೇ ಹೊರತು ಮೊಣಕಾಲಿನ ಕೆಳಗಿನ ಕಣಕಾಲನ್ನಲ್ಲ ಎಂಬುದು ಅವರ ವಾದ, ಮತ್ತು ಅದು ತೆಗೆದುಹಾಕುವಂಥ ವಾದವೂ ಅಲ್ಲ. ಹಿಂದಿಯ, ಗುಜರಾತಿಯ ‘ಜಾಂಘ್’ ಕೂಡ ತೊಡೆಯೇ. ತೊಡೆಯನ್ನು ಮುಚ್ಚುವ ಚಡ್ಡಿಗೆ ಹಿಂದಿಯವರು ‘ಜಾಂಘಿಯಾ’ ಎನ್ನುತ್ತಾರೆ. ಆದರೆ 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ-ಇಂಗ್ಲಿಷ್ ನಿಘಂಟನ್ನು ತೆರೆದರೆ, ಜಂಘೆಯೆಂದರೆ ಕಾಲಿನ ಗಿಣ್ಣಿನಿಂದ ಮೊಣಕಾಲಿನವರೆಗಿನ ಭಾಗ ಎಂದಿದೆ. ಆ ಅರ್ಥವೇ ಉತ್ತರದಲ್ಲಿಯೂ ಉಳಿದಿದ್ದರೆ ಜಾಂಘಿಯಾ ಎಂಬುದು ಚಡ್ಡಿಯಾಗದೆ ಉದ್ದನೆಯ ಕಾಲುಚೀಲವಾಗಬೇಕಿತ್ತು.

ಮೊದಲು ಧಾತುವಿನ ಕಡೆಯಿಂದ ಹೊರಟೆ. ಜಂಘೆಯ ಮೂಲದಲ್ಲಿರುವುದು ಹೆಜ್ಜೆಯಿಡುವ ಕ್ರಿಯೆ. ಲಿಥುವೇನಿಯನ್ ಭಾಷೆಯ ‘ಝೆಂಗ್ತಿ’ ಎಂದರೆ ಹೆಜ್ಜೆ ಹಾಕು, ಗಾಥಿಕ್ ಭಾಷೆಯ ‘ಗಂಗನ್’ ಎಂದರೆ ನಡೆ, ಮತ್ತು ಒಟ್ಟಿಗೆ ನಡೆಯುವವರ ಗುಂಪು ಎಂಬ ಅರ್ಥಕ್ಕೆ ಬಂದ ಇಂಗ್ಲಿಷಿನ ‘ಗ್ಯಾಂಗ್’ ಕೂಡ ಅದೇ ಕುಲದ್ದು. ರೈಲ್ವೆ ಹಳಿಯುದ್ದಕ್ಕೂ ನಡೆದು ದುಡಿಯುವ ಗ್ಯಾಂಗ್‌ಮನ್‌ನ ಹೆಸರಿಗೂ ನಮ್ಮ ಜಂಘಾಬಲಕ್ಕೂ ಇಂಥ ನೆಂಟಸ್ತಿಕೆಯಿರುವುದು ನನಗೆ ಬಹಳ ಹಿಡಿಸಿತು. ಆದರೆ ಸೂಜಿಯ ವಿಷಯದಲ್ಲಿ ಇದರಿಂದ ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ನಡೆಯುವಾಗ ತೊಡೆಯೂ ನಡೆಯುತ್ತದೆ, ಕಣಕಾಲೂ ನಡೆಯುತ್ತದೆ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯ ‘ಝಂಗ’ ಕಾಲಿನ ಗಿಣ್ಣನ್ನು ಹೇಳುವುದರಿಂದ ತಕ್ಕಡಿ ಸ್ವಲ್ಪ ಕೆಳಕ್ಕೆ ವಾಲಿತು, ಅಷ್ಟೇ. ಋಗ್ವೇದದ ಮೊದಲ ಮಂಡಲದ 116ನೆಯ ಸೂಕ್ತದಲ್ಲಿ ಅಶ್ವಿನೀ ದೇವತೆಗಳು ಕಾಲು ಕಳೆದುಕೊಂಡ ವಿಶ್ಪಲೆಗೆ ಓಡಲೆಂದು ಲೋಹದ ಜಂಘೆಯನ್ನು ಜೋಡಿಸಿದ ಪ್ರಸಂಗವನ್ನು ಎಲ್ಲರೂ ಉತ್ಸಾಹದಿಂದ ಎತ್ತಿಕೊಡುತ್ತಾರೆ. ಅದನ್ನು ನಾನು ಸಾಕ್ಷಿಯ ಪಟ್ಟಿಯಿಂದ ಕೈಬಿಟ್ಟೆ. ಜೋಡಿಸಿದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಋಷಿ ಅಳತೆ ಕೊಟ್ಟಿಲ್ಲ.

ಗಂಟು ಬಿಚ್ಚಿಕೊಂಡದ್ದು ಅರ್ಥವನ್ನು ಹುಡುಕುವುದು ಬಿಟ್ಟು ಅನುಕ್ರಮವನ್ನು ಹುಡುಕತೊಡಗಿದ ಮೇಲೆ. ಒಂಟಿ ಪದಕ್ಕೆ ನಿಘಂಟುಕಾರರು ಎರಡು ಮೂರು ಅರ್ಥಗಳನ್ನು ಕೊಟ್ಟು ಜಾರಿಕೊಳ್ಳಬಹುದು. ಆದರೆ ದೇಹವನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿಕೊಂಡು ಹೋಗುವ ಗ್ರಂಥವು ಪ್ರತಿಯೊಂದು ಅಂಗವನ್ನೂ ಅದರ ನೆರೆಹೊರೆಯ ನಡುವೆ ಕೂರಿಸಲೇಬೇಕು. ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶದ ಎರಡನೆಯ ಕಾಂಡದ ಮನುಷ್ಯವರ್ಗ ಮಾಡುವುದು ಇದನ್ನೇ. ಈ ಭಾಗಕ್ಕಾಗಿ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಂದ ತರಿಸಿದ ಪ್ರತಿಯಲ್ಲಿ ಮನುಷ್ಯವರ್ಗದ ಅರ್ಧ ಹಾಳೆಗಳೇ ಇರಲಿಲ್ಲ. ವಿಚಾರಿಸಿದರೆ ‘ಉಳಿದ ಪುಸ್ತಕ ಗಟ್ಟಿಯಾಗಿದೆಯಲ್ಲ, ಸ್ವಾಮಿ’ ಎಂಬ ಉತ್ತರ ಬಂತು. ಕಾಲಿಲ್ಲದ ಮನುಷ್ಯವರ್ಗವನ್ನು ಪೂರ್ತಿ ಬೆಲೆಗೆ ಮಾರುವುದಕ್ಕೂ ಒಂದು ಜಂಘಾಬಲ ಬೇಕು. ಬೇರೆ ಪ್ರತಿ ಕೈಗೆ ಬಂದಾಗ ಸಾಲುಗಳು ಸ್ಪಷ್ಟವಾಗಿದ್ದವು: ಕಾಲಿನ ಗಿಣ್ಣಾದ ಗುಲ್ಫ, ಅದರ ಕೆಳಗಿನ ಹಿಮ್ಮಡಿಯಾದ ಪಾರ್ಷ್ಣಿ, ಆಮೇಲೆ ಜಂಘಾ, ಆಮೇಲೆ ಮೊಣಕಾಲಾದ ಜಾನು, ಆಮೇಲೆ ತೊಡೆಯಾದ ಊರು, ಕೊನೆಗೆ ತೊಡೆಸಂದಿಯಾದ ವಂಕ್ಷಣ. ಹಿಮ್ಮಡಿಗೂ ಮೊಣಕಾಲಿಗೂ ನಡುವೆ ತೊಡೆಗೆ ಜಾಗವೆಲ್ಲಿದೆ? ಪ್ರಾಚೀನ ವೈದ್ಯ ಸುಶ್ರುತನು ಮರ್ಮಗಳನ್ನು, ಅಂದರೆ ಪೆಟ್ಟು ಬಿದ್ದರೆ ಅಪಾಯವಾಗುವ ದೇಹದ ಜಾಗಗಳನ್ನು, ಹೇಳುವಾಗ ಇನ್ನೂ ಖಂಡಿತವಾಗಿ, ಜಂಘೆಯೂ ಊರುವೂ ಕೂಡುವ ಸಂಧಿಯೇ ಜಾನು ಎಂದಿದ್ದಾನೆ. ಜಂಘೆಯೇ ತೊಡೆಯಾಗಿದ್ದರೆ ಅವನ ಮೊಣಕಾಲು ತೊಡೆಗೂ ತೊಡೆಗೂ ನಡುವಿನ ಸಂಧಿಯಾಗುತ್ತಿತ್ತು.

ಮನೆಯಲ್ಲೇ ಇದ್ದ ಸಾಕ್ಷಿಯೂ ಒಂದಿದೆ. ರನ್ನನ ಗದಾಯುದ್ಧದ ಕಥೆ ಗೊತ್ತಿರುವ ಯಾರೂ ಭೀಮನು ದುರ್ಯೋಧನನ ಜಂಘಾಭಂಗ ಮಾಡಿದನೆಂದು ಹೇಳುವುದಿಲ್ಲ, ಅದು ಊರುಭಂಗ. ತೊಡೆಗೆ ಊರು ಎಂಬ ಹೆಸರು ಕಾಯಮ್ಮಾಗಿ ಇದ್ದುದರಿಂದಲೇ ಹಳೆಯ ಬರಹದಲ್ಲಿ ಜಂಘೆ ತನ್ನ ಜಾಗದಲ್ಲಿ ಉಳಿಯಿತು. ಬುದ್ಧನ ಮೂವತ್ತೆರಡು ಲಕ್ಷಣಗಳಲ್ಲಿ ಹುಲ್ಲೆಯಂಥ ಜಂಘೆಯೂ ಒಂದು, ಮತ್ತು ಪಾಳಿಯಲ್ಲಿ ‘ಜಂಘಾವಿಹಾರ’ ಎಂದರೆ ಕಾಲ್ನಡಿಗೆಯ ಸುತ್ತಾಟ. ಅಮರಕೋಶದಲ್ಲಿ ‘ಜಂಘಾಲ’ ಎಂದರೆ ಅತಿವೇಗದವನು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಜಂಘಾಬಲ ಮೊದಲಿಗೆ ತೊಡೆ ತಟ್ಟುವವನ ಬಲವಲ್ಲ, ಓಡಬಲ್ಲವನ ಬಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಹೆದರಿದವನಿಗೆ ಉಡುಗುವುದು ಕಾದಾಡುವ ಶಕ್ತಿಯಷ್ಟೇ ಅಲ್ಲ, ಓಡಿಹೋಗುವ ಶಕ್ತಿಯೂ ಹೌದು. ಹೆದರಿಕೆಯಿಂದ ನಿಂತಲ್ಲೇ ನಿಂತುಬಿಟ್ಟವನನ್ನು ಕಂಡವರಿಗೆ ಈ ನುಡಿಗಟ್ಟು ಎಷ್ಟು ನಿಖರವೆಂದು ಹೇಳಬೇಕಾಗಿಲ್ಲ.

ಪದವು ಮೊಣಕಾಲನ್ನು ದಾಟಿ ಮೇಲಕ್ಕೆ ಹತ್ತಿದ್ದು ಉತ್ತರ ಭಾರತದಲ್ಲಿ ಮಾತ್ರ ನಡೆದ ವಿಚಿತ್ರವೂ ಅಲ್ಲ. ಇಂಗ್ಲಿಷಿನ ‘ಶ್ಯಾಂಕ್’ ಮೊಣಕಾಲಿನ ಕೆಳಗಿನದು, ಅದರ ಜರ್ಮನ್ ಸೋದರ ‘ಶೆಂಕೆಲ್’ ತೊಡೆ. ಜರ್ಮನರಿಗೆ ಆಮೇಲೆ ಕೆಳಗಿನ ಭಾಗಕ್ಕೆ ಬೇರೆ ಹೆಸರು ಸಾಲದೆ ‘ಕೆಳಶೆಂಕೆಲ್’ ಎಂಬಂಥ ಸಮಾಸವನ್ನೇ ಕಟ್ಟಿಕೊಳ್ಳಬೇಕಾಯಿತು. ಹಾಗಾಗಿ ನಕ್ಷೆಯಲ್ಲಿ ಜಂಘೆಯ ಸೂಜಿಯಿಂದ ಹೊರಟ ಕೆಂಪು ದಾರ ಮೊಣಕಾಲನ್ನು ದಾಟಿ ‘ಜಾಂಘ್’ ಚೀಟಿಗೆ ಹೋಗುತ್ತದೆ, ಪಕ್ಕದಲ್ಲೇ ನೀಲಿ ದಾರ ಶ್ಯಾಂಕ್‌ನಿಂದ ಶೆಂಕೆಲ್‌ಗೆ ಏರುತ್ತದೆ.

ದ್ರಾವಿಡ ಬದಿಯ ಕೆಲಸ ಇಷ್ಟು ಸತಾಯಿಸಲಿಲ್ಲ. ನಮ್ಮ ‘ಕಣಕಾಲು’ ತಮಿಳಿನ ‘ಕಣೈಕ್ಕಾಲ್’ಗೆ ಸರಿಯಾಗಿ ಹೊಂದುತ್ತದೆ, ಕಣೈ ಎಂದರೆ ಬಾಣ, ಹಳಗನ್ನಡದಲ್ಲಿಯೂ ‘ಕಣೆ’ ಬಾಣವೇ. ಕಣೈಕ್ಕಾಲ್ ಇರುಂಪೊರೈ ಎಂಬ ಚೇರ ಅರಸನೇ ಇದ್ದ. ಅವನು ಚೋಳರ ಸೆರೆಯಲ್ಲಿದ್ದಾಗ ಹಾಡಿದ್ದೆನ್ನುವ ಪದ್ಯ ಪುರನಾನೂರು ಎಂಬ ಹಳೆಯ ತಮಿಳು ಪದ್ಯಸಂಕಲನದಲ್ಲಿದೆ. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಶಂಕರರ ಹೆಸರಿನಲ್ಲಿರುವ ಸೌಂದರ್ಯಲಹರಿಯ 83ನೆಯ ಶ್ಲೋಕ. ಶಿವನನ್ನು ಗೆಲ್ಲಲು ಮನ್ಮಥನು ತನ್ನ ಐದು ಬಾಣಗಳನ್ನು ಇಮ್ಮಡಿಗೊಳಿಸಿ, ದೇವಿಯ ಎರಡು ಜಂಘೆಗಳನ್ನೇ ಬತ್ತಳಿಕೆಗಳಾಗಿ ಮಾಡಿಕೊಂಡನಂತೆ. ಹತ್ತು ಕಾಲುಗುರುಗಳು ಆ ಬಾಣಗಳ ಅಲಗುಗಳು. ಸಂಸ್ಕೃತದ ಕವಿಗೆ ಬತ್ತಳಿಕೆಯಾಗಿ ಕಂಡ ಅಂಗ ದ್ರಾವಿಡ ಮಾತಿನಲ್ಲಿ ಆಗಲೇ ಬಾಣದ ಕಾಲಾಗಿತ್ತು! ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಆದರೂ ಈ ಎರಡು ಚೀಟಿಗಳ ನಡುವೆ ಹಳದಿ ದಾರ ಕಟ್ಟದೆ ಇರಲಾಗಲಿಲ್ಲ. ಕಣಕಾಲಿನ ಹಿಂಬದಿಯ ಮಾಂಸಕ್ಕೆ ಕನ್ನಡದಲ್ಲಿ ಮೀನಖಂಡ, ತಮಿಳಿನಲ್ಲಿ ಕೆಂಡೆ ಮೀನಿನ ಹೆಸರು ಹೊತ್ತ ‘ಕೆಂಡೈಕ್ಕಾಲ್’. ಡಚ್ಚರ ‘ಕೌಟ್’ ಮತ್ತು ರಷ್ಯನ್ನರ ‘ಇಕ್ರಾ’ ಎರಡಕ್ಕೂ ಮೀನಖಂಡ, ಮೀನಿನ ಮೊಟ್ಟೆ ಎಂಬ ಎರಡೂ ಅರ್ಥಗಳಿವೆ. ಇದೊಂದು ಪ್ರತ್ಯೇಕ ಹಲಗೆಗೆ ಸಾಕಾಗುವಷ್ಟು ಸರಕು.

ಅದಕ್ಕಿಂತ ಮೊದಲು ಅಳತೆಯ ಪದಗಳ ಹಲಗೆ ಬರಬೇಕೆಂದು ಮನಸ್ಸು ಎಳೆಯುತ್ತಿದೆ. ಮೊಳಕಾಲು, ಮೊಳಕೈ ಎಂಬ ರೂಪಗಳಲ್ಲಿರುವ ‘ಮೊಳ’ವೇ ಹೂವಾಡಗಿತ್ತಿಯ ಮೊಳವೂ ಆಗಿರುವುದರಿಂದ, ಗೇಣು, ಮೊಳ, ಮಾರುಗಳನ್ನು ಇದೇ ದೇಹದ ಚಿತ್ರದ ತೋಳುಗಳ ಮೇಲೆ ಅಳೆದು ತೋರಿಸುವ ಯೋಚನೆಯಿದೆ. ಹಳಗನ್ನಡದ ‘ಮೊೞ’ ಎಂಬ ಚೀಟಿಯನ್ನು ಅಚ್ಚುಹಾಕಲು ಕೊಟ್ಟರೆ, ಅಂಗಡಿಯವರು ೞಕಾರದ ಜಾಗದಲ್ಲಿ ಖಾಲಿ ಚೌಕವೊಂದನ್ನು ಬಹಳ ಚೆಂದವಾಗಿ ಮುದ್ರಿಸಿ ಕೊಟ್ಟಿದ್ದಾರೆ. ಅಕ್ಷರ ಬಿಟ್ಟುಹೋಗಿದೆ ಎಂದರೆ ಅದು ವಿನ್ಯಾಸವೆಂದು ತಿಳಿದಿದ್ದೆವೆಂದರು. ಆ ಸಾಲನ್ನು ಈಗ ಕೈಯಲ್ಲೇ ಬರೆಯುತ್ತಿದ್ದೇನೆ.

ಜಂಘೆಯ ಕಟ್ಟಿನಲ್ಲಿ ಉಳಿದಿದ್ದ ಎರಡು ಚೀಟಿಗಳೂ ಇತ್ಯರ್ಥವಾದವು. ಉತ್ತರ ಭಾರತದ ನಾಗರ ಶೈಲಿಯ ದೇಗುಲದಲ್ಲಿ ಖುರ (ಗೊರಸು), ಕುಂಭ, ಕಲಶ ಮುಂತಾದ ಪಟ್ಟಿಕೆಗಳ ಮೇಲೆ ಏಳುವ ಗೋಡೆಗೆ ಜಂಘಾ ಎಂದೇ ಹೆಸರು. ಗೊರಸಿನ ಮೇಲೆ ಜಂಘೆ ಬರುವ ಈ ಕ್ರಮವೂ ಕೆಳಗಿನ ಅರ್ಥಕ್ಕೇ ಒಪ್ಪುತ್ತದೆಯಾದ್ದರಿಂದ, ಪಟ್ಟದಕಲ್ಲಿನ ಗಳಗನಾಥ ದೇವಾಲಯದ ರೇಖಾಚಿತ್ರದೊಂದಿಗೆ ಅದನ್ನು ಹಲಗೆಗೆ ಸೇರಿಸಿದೆ. ಇನ್ನೊಂದು ಚೀಟಿ 8,586 ಮೀಟರ್ ಎತ್ತರದ್ದು. ಬಂಗಾಳಿಯಲ್ಲಿ ‘ಕಾಂಚನಜಂಘಾ’ ಎಂದು ಬರೆಯುವ ಆ ಪರ್ವತಕ್ಕೆ ಚಿನ್ನದ ಜಂಘೆಯೆಂಬ ಅರ್ಥ ಹೇಳುವುದು ಎಷ್ಟೇ ಸೊಗಸಾಗಿದ್ದರೂ, ಮೂಲ ಹೆಸರು ಮಹಾಹಿಮದ ಐದು ನಿಧಿಗಳು ಎಂಬ ಟಿಬೆಟನ್ ಮಾತು. ಚೀಟಿಯನ್ನು ‘ಸುಳ್ಳು ನೆಂಟರು’ ಎಂದು ಬರೆದಿಟ್ಟ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೇನೆ.