160 ಎಕರೆ ಮತ್ತು 10 ಸೆಂಟ್

ಕಳೆದ ಫೆಬ್ರವರಿಯಲ್ಲಿ ಕಟಪಾಡಿ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ಕೋಲ ಇತ್ತು. ಅಣ್ಣನ ಮಗ ಮಿನೆಸೋಟದಿಂದ ಬಂದಿದ್ದ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆವು. ಅವನು ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಅಮೆರಿಕದಲ್ಲಿ ಯಾವ ದೇಶದ ಮೂಲದವರ ಮನೆಗಳಿಗೆ ವರ್ಷಕ್ಕೆ ಎಷ್ಟು ಆದಾಯ ಅನ್ನುವ ಪಟ್ಟಿ. ಅವನ ನೆರೆಮನೆಯವರು ಡೇನಿಷ್ ಮೂಲದವರಂತೆ. ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗಿಯ ಅಜ್ಜಿ ಪನಾಮದಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದವರಂತೆ.

"ನೋಡಿ ಅತ್ತೆ, ಡೆನ್ಮಾರ್ಕಿನವರು ಎಲ್ಲಿದ್ದಾರೆ, ಪನಾಮದವರು ಎಲ್ಲಿದ್ದಾರೆ. ಇಬ್ಬರೂ ಹೊರಗಿನಿಂದ ಬಂದವರೇ ಅಲ್ವಾ? ದುಡಿಮೆ, ಉಳಿತಾಯ, ಶಿಸ್ತು. ಅದು ಇದ್ದವರು ಮೇಲೆ ಬರ್ತಾರೆ, ಅಷ್ಟೇ."

ಅಂಗಳದಲ್ಲಿ ಬೇಬಿಯಕ್ಕ ಚಪ್ಪರದ ಕೆಳಗಿನ ಹಿಂಗಾರದ ಎಸಳು, ಒಣಗಿದ ಬಾಳೆಲೆ ಗುಡಿಸುತ್ತಿದ್ದರು. ಅವರಿಗೆ ಎಪ್ಪತ್ತು ದಾಟಿದೆ. ನನಗಿಂತ ಎಂಟು ವರ್ಷ ದೊಡ್ಡವರು. ನಾನು ಹುಟ್ಟುವ ಮೊದಲಿನಿಂದ ಅವರ ಅಮ್ಮ, ಆಮೇಲೆ ಅವರು, ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟವರು. ಹಿಡಿಸೂಡಿಯ ಸದ್ದು ಕೇಳುತ್ತಾ ನನಗೆ ಹುಡುಗನಿಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವಳು ನಾನು. ಹೆಚ್ಚಿನ ವರ್ಷ ಸಾಲದ ವಿಭಾಗದಲ್ಲೇ ಇದ್ದೆ. ಯಾರು ಮೇಲೆ ಬರುತ್ತಾರೆ, ಯಾಕೆ ಬರುತ್ತಾರೆ ಅನ್ನುವುದನ್ನು ಕಾಗದದ ಮೇಲೆ ದಿನಾ ನೋಡಿದ್ದೇನೆ. ಅವನು ಹೇಳಿದ್ದು ಸರಿ ಅನ್ನಿಸಲಿಲ್ಲ. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅವನಿಗೆ ಹೇಳಬೇಕಾಗಿದ್ದು ಇದು.

ಮೊದಲು ಡೆನ್ಮಾರ್ಕಿನವರ ವಿಷಯ. 1864ರಲ್ಲಿ ಡೆನ್ಮಾರ್ಕ್ ಯುದ್ಧ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ಹಳ್ಳಿಗಳಲ್ಲಿ ಜನ ಜಾಸ್ತಿ, ಜಾಗ ಕಡಿಮೆ. 1920ರವರೆಗೆ ಸುಮಾರು 3 ಲಕ್ಷ ಜನ ಅಮೆರಿಕಕ್ಕೆ ಹೋದರು. ಬಡವರೇ ಬಹಳ. ಮುಂದೆ ದೊಡ್ಡ ಪತ್ರಕರ್ತನಾದ ಜೇಕಬ್ ರೀಸ್ 1870ರಲ್ಲಿ ನ್ಯೂಯಾರ್ಕಿಗೆ ಹೋದಾಗ ಮಲಗಲು ಜಾಗವಿಲ್ಲದೆ ಪೊಲೀಸ್ ಠಾಣೆಯಲ್ಲಿ ನಿರ್ಗತಿಕರಿಗೆ ಬಿಟ್ಟ ಕೋಣೆಯಲ್ಲಿ ರಾತ್ರಿ ಕಳೆದವರು. ಹಾಗಾಗಿ ಅವರ ಕಷ್ಟವನ್ನು ನಾನು ಸಣ್ಣದು ಮಾಡುವುದಿಲ್ಲ.

ಆದರೆ ಅವರು ಹೋದಾಗ ಅಲ್ಲಿ ಒಂದು ಕಾನೂನು ಕಾಯುತ್ತಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ನಿಮ್ಮದು. ಕೊಡಬೇಕಾದ್ದು ಅರ್ಜಿಯ ಸಣ್ಣ ಶುಲ್ಕ ಮಾತ್ರ. ಇನ್ನೂ ಪೌರರಾಗಿರಬೇಕು ಅಂತಲೂ ಇಲ್ಲ. ಪೌರನಾಗುತ್ತೇನೆ ಅಂತ ಒಂದು ಡಿಕ್ಲರೇಶನ್ ಕೊಟ್ಟಿದ್ದರೆ ಸಾಕು. ಎಲ್ಲ ಡೇನರೂ ಹಾಗೆ ಜಾಗ ಪಡೆದವರಲ್ಲ, ರೈಲ್ವೆ ಕಂಪನಿಯಿಂದ ಕ್ರಯಕ್ಕೆ ತೆಗೆದುಕೊಂಡವರೂ ಇದ್ದರು. ಆದರೆ ಬಾಗಿಲು ತೆರೆದಿತ್ತು. ಆ ಜಾಗ ಖಾಲಿ ಬಿದ್ದದ್ದಲ್ಲ ಅನ್ನುವುದನ್ನೂ ಹೇಳಬೇಕು. ಡಕೋಟ, ಪೌನಿ ಮುಂತಾದ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು.

ಡಿಕ್ಲರೇಶನ್ ಅನ್ನುವ ಶಬ್ದ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ನಮ್ಮ ಊರಿನಲ್ಲಿ ಈಗಲೂ "ಅದು ಡಿಕ್ಲರೇಶನ್ ಜಾಗ" ಅಂತಾರೆ. 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ದೇವರಾಜ ಅರಸರು ಮುಖ್ಯಮಂತ್ರಿ. ಗೇಣಿಗೆ ಮಾಡುತ್ತಿದ್ದ ಜಾಗ ತನ್ನದಾಗಬೇಕಾದರೆ ಒಕ್ಕಲು ಫಾರ್ಮ್ ನಂಬರ್ 7 ತುಂಬಿ ಕೊಡಬೇಕು, ಅದೇ ಡಿಕ್ಲರೇಶನ್. ಟ್ರಿಬ್ಯೂನಲ್ ವಿಚಾರಣೆ ಮಾಡಿ ತೀರ್ಮಾನ ಕೊಡಬೇಕು. ಆಗ ನನಗೆ ಹದಿಮೂರು. ಅಪ್ಪ ಬಿಸ್ಕತ್ತಿನ ತಗಡು ಡಬ್ಬಿಯಿಂದ ಗೇಣಿ ರಶೀದಿಗಳನ್ನು ತೆಗೆದು ಚಾಪೆಯ ಮೇಲೆ ವರ್ಷದ ಲೆಕ್ಕದಲ್ಲಿ ಸಾಲಾಗಿ ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಇಷ್ಟು ಮುಡಿ ಅಕ್ಕಿ ಸಂದಾಯ ಅಂತ ಧಣಿಗಳ ಕಡೆಯವರ ಸಹಿ. ಅಮ್ಮ ಅಂಟು ಕಾಯಿಸಿ ಹರಿದ ರಶೀದಿಗಳಿಗೆ ಹಿಂದಿನಿಂದ ಕಾಗದ ಅಂಟಿಸಿದರು. ಆ ಕಾಗದಗಳ ಬಲದಿಂದ ನಮಗೆ 1 ಎಕರೆ 80 ಸೆಂಟ್ಸ್ ಆಯಿತು.

ಬೇಬಿಯಕ್ಕನ ಮನೆಯವರಿಗೆ ಏನೂ ಆಗಲಿಲ್ಲ. ಅವರು ಗೇಣಿಗೆ ಮಾಡಿದವರಲ್ಲ, ಕೂಲಿಗೆ ಮಾಡಿದವರು. ಅದೇ ಗದ್ದೆಯ ಕೆಸರಿನಲ್ಲಿ ನಮಗಿಂತ ಜಾಸ್ತಿ ಹೊತ್ತು ನಿಂತವರು. ಆದರೆ ಕಾನೂನು ಕೇಳಿದ್ದು ಗೇಣಿ. ಎಷ್ಟೋ ವರ್ಷದ ಮೇಲೆ ಅವರಿಗೆ ಗುಡ್ಡದ ಬದಿಯಲ್ಲಿ 5 ಸೆಂಟ್ಸ್ ಮನೆ ನಿವೇಶನ ಸಿಕ್ಕಿತು.

ಈಗ ಪನಾಮಕ್ಕೆ ಬರುತ್ತೇನೆ. ಇದು ನನಗೆ ಅಣ್ಣನಿಂದ ಗೊತ್ತು. ಅಣ್ಣ ಮೂವತ್ತು ವರ್ಷ ಶಿಪ್ಪಿನಲ್ಲಿ ಬಂಡಾರಿ, ಅಂದರೆ ಅಡುಗೆಯವನು, ಆಗಿದ್ದ. ಪನಾಮ ಕಾಲುವೆ ಎಷ್ಟು ಸಲ ದಾಟಿದ್ದಾನೋ ಅವನಿಗೇ ಲೆಕ್ಕವಿಲ್ಲ. 80 ಕಿಲೋಮೀಟರ್ ದಾರಿ. ಗಾಟೂನಿನಲ್ಲಿ ಮೂರು ಮೆಟ್ಟಿಲಿನ ಹಾಗೆ ನೀರು ತುಂಬಿಸಿ ಹಡಗನ್ನು 26 ಮೀಟರ್ ಮೇಲೆ ಎತ್ತುತ್ತಾರೆ. ಅನ್ನಕ್ಕೆ ಇಟ್ಟ ನೀರು ಕುದಿಯುವುದರೊಳಗೆ ಕಿಟಕಿಯಲ್ಲಿ ಗೋಡೆ ಹೋಗಿ ಆಕಾಶ ಬರುತ್ತಿತ್ತು ಅಂತ ಅವನು ಹೇಳುತ್ತಿದ್ದ.

1987ರಲ್ಲಿ ಅವರ ಹಡಗು ಕೊಲೋನ್ ಬಂದರಿನಲ್ಲಿ ನಾಲ್ಕು ದಿನ ನಿಂತಿತ್ತು. ತರಕಾರಿ ತರಲು ಹೋದಾಗ ಅಂಗಡಿಯ ಹೆಂಗಸು ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷಿನಲ್ಲಿ ಮಾತಾಡಿದ್ದು ನೋಡಿ ಅಣ್ಣನಿಗೆ ಆಶ್ಚರ್ಯ. ಅವಳ ಅಜ್ಜ ಬಾರ್ಬಡೋಸಿನಿಂದ ಕಾಲುವೆ ಅಗೆಯಲು ಬಂದವನಂತೆ. ಮಗಳು ಬ್ರೂಕ್ಲಿನ್‌ನಲ್ಲಿ ನರ್ಸ್. ಚಿಲ್ಲರೆಯ ಜೊತೆ ಬಂದ, ಪನಾಮದ ದುಡ್ಡಾದ ಬಾಲ್ಬೋವದ ಒಂದು ಕಾಲು ನಾಣ್ಯವನ್ನು ಅಣ್ಣ ನನಗೆ ತಂದುಕೊಟ್ಟಿದ್ದ. ಕೊನೆಯ ದಿನದವರೆಗೂ ಬ್ಯಾಂಕಿನ ನನ್ನ ಮೇಜಿನ ಡ್ರಾಯರಿನಲ್ಲಿ ಇತ್ತು. ಈಗ ಬರೆಯುವಾಗ ಎದುರಿಗಿದೆ.

ಕಾಲುವೆಯ ಅಮೆರಿಕನ್ ಕೆಲಸ ನಡೆದದ್ದು 1904ರಿಂದ 1914. ಬಾರ್ಬಡೋಸ್ ಒಂದರಿಂದಲೇ ಸುಮಾರು 20 ಸಾವಿರ ಜನ ಬಂದರು, ಜಮೈಕದಿಂದ, ಬೇರೆ ದ್ವೀಪಗಳಿಂದ ಇನ್ನಷ್ಟು. ಸಂಬಳದ ಪುಸ್ತಕ ಎರಡು. ಒಂದು ಚಿನ್ನದ್ದು, ಒಂದು ಬೆಳ್ಳಿಯದ್ದು. ಬಿಳಿಯ ಅಮೆರಿಕನ್ನರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ, ದ್ವೀಪಗಳಿಂದ ಬಂದ ಕಪ್ಪು ಜನರಿಗೆ ಬೆಳ್ಳಿಯಲ್ಲಿ. ಬೆಳ್ಳಿ ಪುಸ್ತಕದ ಕೂಲಿಯವನಿಗೆ ಸಾಮಾನ್ಯವಾಗಿ ಗಂಟೆಗೆ 10 ಸೆಂಟ್. ದಿನಕ್ಕೆ ಹತ್ತು ಗಂಟೆ. ಅಂಚೆ ಕಚೇರಿಯ ಕಿಟಕಿ ಬೇರೆ, ಅಂಗಡಿ ಬೇರೆ, ಶಾಲೆ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಆ ಹತ್ತು ವರ್ಷದಲ್ಲಿ ದಾಖಲೆಯ ಪ್ರಕಾರವೇ 5,609 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬೆಳ್ಳಿ ಪುಸ್ತಕದವರು.

ನಮ್ಮಲ್ಲಿ ಸೆಂಟ್ಸ್ ಅಂದರೆ ಜಾಗ. ಅಲ್ಲಿ ಸೆಂಟ್ ಅಂದರೆ ದುಡ್ಡು. ಡೇನರಿಗೆ ಸಿಕ್ಕ 160 ಎಕರೆ ನಮ್ಮ ಲೆಕ್ಕದಲ್ಲಿ 16,000 ಸೆಂಟ್ಸ್. ಕಾಲುವೆಯವನಿಗೆ ಸಿಕ್ಕಿದ್ದು ಗಂಟೆಗೆ 10. ಸಂಬಳ ತಿಂಗಳ ಕೊನೆಗೆ ಮುಗಿಯುತ್ತದೆ. ಜಾಗ ಮಕ್ಕಳಿಗೆ ಹೋಗುತ್ತದೆ, ಮೊಮ್ಮಕ್ಕಳಿಗೆ ಹೋಗುತ್ತದೆ, ಮಧ್ಯದಲ್ಲಿ ಅಡವಿಟ್ಟರೆ ಸಾಲವೂ ಸಿಗುತ್ತದೆ.

ಕಾಲುವೆ ಮುಗಿದ ಮೇಲೂ ಅವರಿಗೆ ನೆಲೆ ಸಿಗಲಿಲ್ಲ. 1941ರಲ್ಲಿ ಪನಾಮದ ಹೊಸ ಸಂವಿಧಾನ, ಇಂಗ್ಲಿಷ್ ಮಾತಾಡುವ ಕಪ್ಪು ವಲಸಿಗರ ಮಕ್ಕಳು ಅಲ್ಲೇ ಹುಟ್ಟಿದ್ದರೂ ಅವರಿಗೆ ಪೌರತ್ವ ಇಲ್ಲ ಅಂದಿತು. ಅದು ಸರಿಯಾದದ್ದು 1946ರಲ್ಲಿ. ಹೀಗೆ ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ನಿಂತ ಬಹಳ ಜನ ಆಮೇಲಿನ ವರ್ಷಗಳಲ್ಲಿ ಬ್ರೂಕ್ಲಿನ್‌ಗೆ ಹೊರಟರು. ಅವರು ಬಂದು ಸೇರಿದ ಬೀದಿಗಳ ಕಥೆಯೂ ಇದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಅಮೆರಿಕದ ಊರುಗಳ ನಕ್ಷೆ ಮಾಡಿ, ಮನೆ ಸಾಲ ಕೊಟ್ಟರೆ ಅಪಾಯ ಅನ್ನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಕಪ್ಪು ಜನ ಇದ್ದ ಕಡೆಗೆಲ್ಲ ಹೆಚ್ಚುಕಡಿಮೆ ಕೆಂಪು. ಬ್ರೂಕ್ಲಿನ್ನಿನ ಬೆಡ್‌ಫರ್ಡ್-ಸ್ಟೈವಸೆಂಟ್ ಕೂಡ ಕೆಂಪು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನರ ಮೈಬಣ್ಣ ನೋಡಬಾರದು ಅನ್ನುವ ಕಾನೂನು ಬಂದದ್ದು 1968ರಲ್ಲಿ.

ಆ ನಕ್ಷೆ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. 1991ರಲ್ಲಿ ಬೇಬಿಯಕ್ಕನ ಮಗ ರಿಕ್ಷಾ ತೆಗೆಯಲು ಸಾಲಕ್ಕೆ ಬಂದಿದ್ದ. ಅದೇ ವಾರ ನನ್ನ ದೊಡ್ಡಪ್ಪನ ಮಗನೂ ಬಂದಿದ್ದ, ಮುಂಬೈಯಲ್ಲಿ ಹೋಟೆಲಿಗೆ ಪಾಲು ಹಾಕಲು. ಇಬ್ಬರೂ ದುಡಿಯುವವರು. ಬೇಬಿಯಕ್ಕ ದಿನಾ ಎರಡು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದರು, ಒಂದು ದಿನವೂ ತಪ್ಪಿಸಿದವರಲ್ಲ. ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಇಂಥ ಜನರಿಗಾಗಿಯೇ. ದೊಡ್ಡಪ್ಪನ ಮಗ ಡಿಕ್ಲರೇಶನ್ ಜಾಗದ ಪಹಣಿ ಇಟ್ಟ. ಬೇಬಿಯಕ್ಕನ ಮಗನ ಹತ್ತಿರ ಇಡಲು ಏನೂ ಇರಲಿಲ್ಲ. ಜಾಮೀನು ಸಾಲದು ಅಂತ ಷರಾ ಬರೆದದ್ದು ನನ್ನ ಕೈ. ನಿಯಮ ಹಾಗೇ ಇತ್ತು. ಆದರೂ ಆ ಹುಡುಗ ಅರ್ಜಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದದ್ದು ಮರೆಯಲು ಆಗುವುದಿಲ್ಲ. ಅವನು ಹದಿನೈದು ವರ್ಷ ಬೇರೆಯವರ ರಿಕ್ಷಾ ಓಡಿಸಿದ. ದೊಡ್ಡಪ್ಪನ ಮಗನಿಗೆ ಈಗ ಮೂರು ಹೋಟೆಲ್.

ಡೇನರಿಗೆ ಒಳ್ಳೆಯ ಗುಣ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸಹಕಾರಿ ಹಾಲಿನ ಡೈರಿ ಡೆನ್ಮಾರ್ಕಿನಲ್ಲಿ 1882ರಲ್ಲಿ ಶುರುವಾಯಿತು. 1890ರಲ್ಲಿ ಮಿನೆಸೋಟದ ಕ್ಲಾರ್ಕ್ಸ್ ಗ್ರೋವ್ ಅನ್ನುವಲ್ಲಿ ವಲಸೆ ಹೋದ ಡೇನರು ಅದೇ ಮಾದರಿಯಲ್ಲಿ ಬೆಣ್ಣೆಯ ಸಹಕಾರಿ ಕಟ್ಟಿದರು. ದೊಡ್ಡ ವಿಷಯ ಅದು. ನಮ್ಮ ಅಪ್ಪನೂ ಎರಡು ದನ ಕಟ್ಟಿ ಡೈರಿಗೆ ಹಾಲು ಹಾಕಿಯೇ ನನ್ನನ್ನು ಕಾಲೇಜಿಗೆ ಕಳಿಸಿದವರು. ಆದರೆ ದನ ಕಟ್ಟಲು ಹಟ್ಟಿ ಬೇಕು, ಹುಲ್ಲಿಗೆ ಜಾಗ ಬೇಕು. 5 ಸೆಂಟ್ಸಿನಲ್ಲಿ ಮನೆ ಕಟ್ಟಿ, ಬಾವಿ ತೋಡಿ, ಹಟ್ಟಿ ಎಲ್ಲಿ ಕಟ್ಟುವುದು? ಬ್ರೂಕ್ಲಿನ್ನಿನ ಬಾಡಿಗೆ ಮನೆಯಲ್ಲಿ ಎಲ್ಲಿ ಕಟ್ಟುವುದು?

ಪಟ್ಟಿಯ ಬಗ್ಗೆಯೂ ಒಂದು ಮಾತು. ಡೇನಿಷ್ ಅಂತ ಬರೆಸಿಕೊಂಡವರು 2000ದ ಜನಗಣತಿಯಲ್ಲಿ ಸುಮಾರು 14 ಲಕ್ಷ. ನಾಲ್ಕು, ಐದು ತಲೆಮಾರು ಕಳೆದವರು. ಅಜ್ಜಿ ಜರ್ಮನ್, ಮುತ್ತಜ್ಜ ಡೇನಿಷ್, ಹೀಗೆ ಬೆರೆತವರು. ಪನಾಮದವರು 2010ರಲ್ಲಿ 1 ಲಕ್ಷ 65 ಸಾವಿರ. ಅವರಲ್ಲಿ ಈಚೆಗೆ ವಿಮಾನ ಇಳಿದವರೂ ಸೇರಿದ್ದಾರೆ. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ಹೇಗೆ?

ಮತ್ತೆ, ಆದಾಯ ನೋಡಿದರೆ ಅರ್ಧ ಮಾತ್ರ ಕಾಣುವುದು. ಪನಾಮ ಮೂಲದ ಬಹಳ ಜನ ಅಲ್ಲಿ ಕಪ್ಪು ಜನರ ಲೆಕ್ಕದಲ್ಲೇ ಬರುತ್ತಾರೆ. 2022ರಲ್ಲಿ ಅಮೆರಿಕದ ಬಿಳಿಯರ ಮತ್ತು ಕಪ್ಪು ಜನರ ಮನೆಗಳ ನಡುಮಟ್ಟದ ಆದಾಯದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ. ಆಸ್ತಿ ತೆಗೆದುಕೊಂಡರೆ 2,85,000 ಡಾಲರ್ ಎಲ್ಲಿ, 44,900 ಡಾಲರ್ ಎಲ್ಲಿ. ಆರು ಪಟ್ಟು. ಆಸ್ತಿ ಅನ್ನುವುದು ಅಜ್ಜನ ಕಾಲದಿಂದ ಬರುವುದು. ದುಡಿಮೆಯನ್ನು ಅಳೆಯಲು ಆ ಪಟ್ಟಿಯಲ್ಲಿ ಯಾವ ಕಾಲಮ್ಮೂ ಇಲ್ಲ.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಹುಡುಗನಿಗೆ ಹೇಳಿದೆ. ಅವನು ಸುಮ್ನೆ ಕೇಳಿದ. ರಾಡ್ ಕರೂ ಗೊತ್ತಾ ಅಂತ ಕೇಳಿದೆ. ಗೊತ್ತಿಲ್ಲದೆ ಏನು, ಮಿನೆಸೋಟ ತಂಡದ ಬೇಸ್‌ಬಾಲ್ ಆಟಗಾರ, ಮೈದಾನದ ಹೊರಗೆ ಪ್ರತಿಮೆ ಇದೆ, ಎಷ್ಟೋ ಸಲ ಅದರ ಹತ್ತಿರ ಫೋಟೋ ತೆಗೆಸಿಕೊಂಡಿದ್ದೇನೆ ಅಂದ. ಅವರು 1945ರಲ್ಲಿ ಹುಟ್ಟಿದ್ದು ಗಾಟೂನಿನಲ್ಲಿ, ನಿನ್ನ ಅಪ್ಪ ಅನ್ನಕ್ಕೆ ನೀರಿಡುತ್ತಿದ್ದ ಅದೇ ಗಾಟೂನಿನಲ್ಲಿ, ಓಡುವ ರೈಲಿನಲ್ಲಿ ಅಂದೆ. ಬಿಳಿಯರಲ್ಲದವರು ಕೂರಬೇಕಾಗಿದ್ದ ಹಿಂದಿನ ಡಬ್ಬಿಯಲ್ಲಿ ಅವರಮ್ಮ ಇದ್ದರು. ಹುಡುಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಪ್ಪನ ಹತ್ತಿರ ಕೊಡಿ" ಅಂದ. ಅಣ್ಣನಿಗೆ ಈಗ ಕಿವಿ ಮಂದ. ಸ್ಪೀಕರ್ ಹಾಕಿಕೊಟ್ಟೆ. ಕೊಲೋನಿನ ಆ ಅಂಗಡಿಯ ಕಥೆಯನ್ನು ಮಗ ಮೊದಲ ಸಲ ಪೂರ್ತಿ ಕೇಳಿದ.

ಬೇಬಿಯಕ್ಕನ ಮೊಮ್ಮಗಳಿಗೆ ಈ ಸಲ ನರ್ಸಿಂಗ್ ಸೀಟು ಸಿಕ್ಕಿದೆ. ಎಜುಕೇಶನ್ ಲೋನಿಗೆ ಕಾಗದಪತ್ರ ಸರಿ ಮಾಡಬೇಕು. 5 ಸೆಂಟ್ಸಿನ ಹಕ್ಕುಪತ್ರ ಇನ್ನೂ ಬೇಬಿಯಕ್ಕನ ತೀರಿಹೋದ ಗಂಡನ ಹೆಸರಲ್ಲೇ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಬಟ್ಟೆ ಸುತ್ತಿ, ಅಕ್ಕಿ ಡಬ್ಬಿಯ ಒಳಗೆ ಇಟ್ಟಿದ್ದರು. ಬಿಡಿಸಿದಾಗ ಅಕ್ಕಿಕಾಳು ಎರಡು ಉದುರಿತು. ಖಾತೆ ಬದಲಾವಣೆಗೆ ಅರ್ಜಿ ಬರೆದಿಟ್ಟಿದ್ದೇನೆ. ಸೋಮವಾರ ಮೂವರೂ ತಾಲೂಕು ಕಚೇರಿಗೆ ಹೋಗುವವರಿದ್ದೇವೆ, ಒಂಬತ್ತೂವರೆಯ ಬಸ್ಸಿಗೆ.