ಖಳನ ಕಥೆಯನ್ನೇ ಏಕೆ ಕೇಳುತ್ತೀರಿ?

‘ನಾಯಕರಿಗೇನು ಬರವೇ? ಹೋಗಿ ಹೋಗಿ ಖಳನ ಕಥೆಯನ್ನು ಕೇಳುತ್ತೀರಲ್ಲ!’ ಎನ್ನುವವರಿಗೆ ಇಷ್ಟು ದಿನ ನಗುತ್ತಲೇ ಉತ್ತರಿಸುತ್ತಿದ್ದೆ. ಇನ್ನು ಬಾಯಿ ನೋಯಿಸಿಕೊಳ್ಳುವ ಮನಸ್ಸಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ. ಮುಂದೆ ಕೇಳುವವರು ಇದನ್ನೇ ಓದಿಕೊಳ್ಳಲಿ.

ಅಮೆರಿಕದ ಸಿ. ಟಿ. ಫಿಪ್ಸ್ ಅವರು 2015ರಲ್ಲಿ ‘ದ ರೂಲ್ಸ್ ಆಫ್ ಸೂಪರ್‌ವಿಲನಿ’ಯಿಂದ ಆರಂಭಿಸಿದ ಹಾಸ್ಯ ಸರಣಿಯ ಆಡಿಯೋಬುಕ್‌ಗಳು ನನಗೆ ಅಚ್ಚುಮೆಚ್ಚು. ಗ್ಯಾರಿ ಎಂಬ ಸಾಮಾನ್ಯನಿಗೆ, ಸತ್ತುಹೋದ ಸೂಪರ್‌ಹೀರೋ ಒಬ್ಬನ ಮಾಂತ್ರಿಕ ನಿಲುವಂಗಿ ಸಿಗುತ್ತದೆ. ಒಳ್ಳೆಯವನಾಗುವುದಕ್ಕಿಂತ ಹಣವಂತನಾಗುವುದೇ ಲೇಸೆಂದು ತೀರ್ಮಾನಿಸಿದ ಆತ ತನಗೆ ತಾನೇ ಕೊಟ್ಟುಕೊಂಡ ಬಿರುದನ್ನು ಕನ್ನಡಕ್ಕೆ ತಂದರೆ ‘ನಿಷ್ಕರುಣಿ: ಕರುಣೆಯಿಲ್ಲದ ಮಹಾಖಳ’ ಎಂದಾಗುತ್ತದೆ. ಪುನರುಕ್ತಿಯೂ ಅಪರಾಧವೇ ಆಗಿದ್ದರೆ ಅವನು ಅಲ್ಲಿಯೇ ಸಿಕ್ಕಿಬೀಳಬೇಕಿತ್ತು. ಆ ನಿಲುವಂಗಿಗೆ ಮಾತು ಬರುತ್ತದೆ. ಅವನ ಹೆಗಲ ಮೇಲಿದ್ದುಕೊಂಡೇ ಅವನಿಗೆ ಬುದ್ಧಿ ಹೇಳುತ್ತದೆ.

ಮದುವೆಯೊಂದರ ಪಂಕ್ತಿಯಲ್ಲಿ ನನ್ನ ಚಿಕ್ಕಪ್ಪ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ‘ದರೋಡೆಕೋರನ ಕಥೆ ಕೇಳಿ ನಗುತ್ತೀಯಂತಲ್ಲ ಮಾರಾಯ, ನಿನಗೇನು ಬಂತು?’ ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸಿದರು. ಈ ಚಿಕ್ಕಪ್ಪನಾದರೂ ಯಾರು? ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯೆಂದರೆ ವಾಲಿಯ ಅರ್ಥ, ಅಂದರೆ ಅವನ ಪಾತ್ರದ ಮಾತುಗಾರಿಕೆ, ಯಾರದೆಂದು ತಿಳಿದ ಮೇಲೆಯೇ ಮನೆ ಬಿಡುವವರು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಿಕೆಯಲ್ಲಿ ವಾಲಿಯು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕಟ್ಟಿಹಾಕುವಾಗ ತೊಡೆ ತಟ್ಟಿ ನಗುವವರು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತ ಮನುಷ್ಯನೊಬ್ಬನ ಮಾತಿನಿಂದಲೇ ಪ್ರತಿನಾಯಕನ ಪಕ್ಷ ನಮ್ಮ ಪಕ್ಷವಾಗಿಬಿಡುವುದು ಅಲ್ಲಿ ಕಲೆ. ಅದೇ ನನ್ನ ಕಿವಿಯೊಳಗೆ ನಡೆದರೆ ಚಟ. ಇದನ್ನು ನಾನು ಅಲ್ಲಿಯೇ ಹೇಳಬೇಕಿತ್ತು, ಆದರೆ ಬಾಯಲ್ಲಿ ಹೋಳಿಗೆಯಿತ್ತು.

ವಾಸ್ತವವಾಗಿ ನನ್ನನ್ನು ಕೇಳಬೇಕಾದದ್ದೂ ಚಿಕ್ಕಪ್ಪನ ಪ್ರಶ್ನೆಯೇ: ಅರ್ಥ ಯಾರದು? ಈ ಆಡಿಯೋಬುಕ್‌ಗಳನ್ನು ಓದಿ ಹೇಳುವ ಜೆಫ್ರಿ ಕೇಫರ್ ಅವರದು. ಕಥೆಯನ್ನು ಗ್ಯಾರಿಯೇ ಹೇಳಿಕೊಳ್ಳುವುದರಿಂದ, ಓದುವವರು ಪುಸ್ತಕದ ಉದ್ದಕ್ಕೂ ಅವನಾಗಿಯೇ ಇರಬೇಕು. ಜಂಭ ಕೊಚ್ಚಿಕೊಳ್ಳುವ ದನಿಯಲ್ಲೇ ಅವನಿಗೆ ಖಳತನ ಸರಿಯಾಗಿ ಒಲಿದಿಲ್ಲವೆಂಬುದೂ ತಿಳಿಯಬೇಕು, ಮರುಕ್ಷಣವೇ ನಿಲುವಂಗಿಯಾಗಿ ಅವನನ್ನು ಗದರಬೇಕು. ಅಚ್ಚಿನಲ್ಲಿ ಮುಗುಳ್ನಗೆಗೆ ಮುಗಿಯುವ ವಾಕ್ಯ, ಹೀಗೆ ಕೇಳಿದಾಗ ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ನಗಿಸುತ್ತದೆ.

ಕೈ ತೊಳೆದ ಮೇಲೆ ಒಂದು ಇಯರ್‌ಫೋನನ್ನು ಚಿಕ್ಕಪ್ಪನ ಕಿವಿಗೆ ಕೊಟ್ಟೆ. ಎರಡು ನಿಮಿಷ ಗಂಭೀರವಾಗಿ ಕೇಳಿದ ಅವರು, ‘ಮಾತು ಅಡ್ಡಿಲ್ಲ. ಪದ ಹಾಡುವ ಭಾಗವತರೇ ಇಲ್ಲವಲ್ಲ?’ ಎಂದರು.