ಸಿಎಸ್‌ಆರ್ ದುಡ್ಡು ಹೋಯ್ತು, ಪ್ಲೇಟಿಂಗ್ ಬಿಲ್ಲು ಹೋಲ್ಡ್‌ನಲ್ಲೇ ಉಳೀತು

ಮಾರ್ಚ್ ಕೊನೆಯ ವಾರ ನಮ್ಮ ಅಕೌಂಟ್ಸ್ ವಿಭಾಗಕ್ಕೆ ಮೇಲಿಂದ ಎರಡು ಆದೇಶ ಒಟ್ಟಿಗೇ ಬರುತ್ತವೆ. ಒಂದು, ವೆಂಡರ್ ಪೇಮೆಂಟ್ ಎಲ್ಲಾ ಹೋಲ್ಡ್ ಮಾಡಿ, 31ಕ್ಕೆ ಬ್ಯಾಂಕ್ ಬ್ಯಾಲೆನ್ಸ್ ಚೆನ್ನಾಗಿ ಕಾಣಬೇಕು. ಇನ್ನೊಂದು, ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿ ಸಮಾಜಸೇವೆಗೆ ಖರ್ಚು ಮಾಡಲೇಬೇಕಾದ ದುಡ್ಡು, ಇವತ್ತೇ ಬಿಡಿ. ಎರಡೂ ಒಂದೇ ಮೇಲ್ ಐಡಿಯಿಂದ ಬಂದದ್ದೂ ಉಂಟು.

ಸಿಎಸ್‌ಆರ್ ಅವಸರಕ್ಕೆ ಕಾರಣ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡಬೇಕು. ಮೊದಲೆಲ್ಲ ಮಾಡದಿದ್ದರೆ ವರದಿಯಲ್ಲಿ ಕಾರಣ ಬರೆದು ಸುಮ್ಮನಾಗಬಹುದಿತ್ತು. 2021ರಿಂದ ಆ ಆಟ ನಡೆಯಲ್ಲ. ಮುಂದುವರಿಯುವ ಪ್ರಾಜೆಕ್ಟ್ ಇದ್ದರೆ ಉಳಿದ ದುಡ್ಡು ಬೇರೆ ಖಾತೆಗೆ ಹೋಗಬೇಕು, ಇಲ್ಲದಿದ್ದರೆ ಸರ್ಕಾರ ಹೇಳಿದ ನಿಧಿಗೆ. ನಿಧಿಗೆ ಹಾಕಿದರೆ ರಿಬ್ಬನ್ ಇಲ್ಲ, ಫೋಟೊ ಇಲ್ಲ. ಯಾರಿಗೆ ಬೇಕು ಅದು?

2024ರ ಮಾರ್ಚ್‌ನಲ್ಲೂ ಹಾಗೇ ಆಯಿತು. ಆಟೋ ಪಾರ್ಟ್ಸ್ ಮಾಡುವ ಪೀಣ್ಯದ ಕಂಪನಿ ನಮ್ಮದು. ನೆಲಮಂಗಲ ಕಡೆಯ ಒಂದು ಶಾಲೆಗೆ ಬೆಂಚು ಕೊಡಿಸುವ ಟ್ರಸ್ಟ್‌ಗೆ ದುಡ್ಡು ಬೆಳಿಗ್ಗೆ ಹೋಯಿತು. ಅದೇ ಪೇಮೆಂಟ್ ರನ್‌ನಲ್ಲಿ ನಮ್ಮ ಪಾರ್ಟ್ಸ್‌ಗೆ ಜಿಂಕ್ ಲೇಪಿಸುವ (ಪ್ಲೇಟಿಂಗ್) ಜಾಬ್ ವರ್ಕ್ ಮಾಡುವ ಒಬ್ಬ ವೆಂಡರ್‌ನ ಬಿಲ್ಲುಗಳು ಬ್ಲಾಕ್‌ನಲ್ಲಿದ್ದವು. 70 ದಿನ ದಾಟಿದ ಬಿಲ್ಲುಗಳು. ಬ್ಲಾಕ್ ಹಾಕಿದ್ದು ನನ್ನದೇ ಲಾಗಿನ್‌ನಿಂದ.

ಮಧ್ಯಾಹ್ನ ಪ್ಲಾನಿಂಗ್‌ನಿಂದ ಫೋನು. ಬ್ರಾಕೆಟ್ ಬಂದಿಲ್ಲ, ಎರಡನೇ ಶಿಫ್ಟ್‌ಗೆ ಲೈನ್ ಸ್ಟಾಪ್. ಪೇಮೆಂಟ್ ಕೇಳಿಕೊಂಡು ಆ ವೆಂಡರ್ ಆ ವಾರ ಫೋನ್ ಮಾಡುತ್ತಲೇ ಇದ್ದರು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಮಾಲು ಹಿಡಿದಿಟ್ಟುಕೊಂಡು ಕೂತಿದ್ದಾರೆ, ಇದು ಬ್ಲ್ಯಾಕ್‌ಮೇಲ್ ಅಂತ ಪರ್ಚೇಸ್ ಹೆಡ್‌ಗೆ ಹೇಳಿಬಿಟ್ಟೆ. ಅವರಿಗೂ ಅಷ್ಟೇ ಬೇಕಿತ್ತು. ಲೈನ್ ಸ್ಟಾಪ್ ಆದ ನಷ್ಟವನ್ನು ಅವರ ಬಿಲ್ಲಿನಲ್ಲೇ ಕಳೆಯೋ ಹಾಗೆ ಡೆಬಿಟ್ ನೋಟ್ ಹಾಕೋಣ ಅಂದರು. ಡ್ರಾಫ್ಟ್ ಕೂಡ ರೆಡಿ ಮಾಡಿದೆ. ಸಂಜೆ ಕ್ವಾಲಿಟಿ ಹುಡುಗ ಸ್ಟಾಕ್ ನೋಡೋಕೆ ಹೊರಟಾಗ ಜೊತೆಗೆ ಹೋದದ್ದೂ ಕೂಡಿಟ್ಟ ಮಾಲನ್ನು ಕಣ್ಣಾರೆ ನೋಡಿ ಬರೋಣ ಅಂತಲೇ.

ಶೆಡ್ ಒಳಗೆ ಕತ್ತಲು. ಬಿಲ್ ಕಟ್ಟಿಲ್ಲ ಅಂತ ಬೆಸ್ಕಾಂನವರು ಹಿಂದಿನ ದಿನವೇ ಫ್ಯೂಸ್ ಕಿತ್ತುಕೊಂಡು ಹೋಗಿದ್ದರು. ಎಕ್ಸಾಸ್ಟ್ ಓಡದೆ ಆಸಿಡ್ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ಪಿಕ್ಲಿಂಗ್, ಅಂದರೆ ಆಸಿಡ್‌ನಲ್ಲಿ ತೊಳೆಯೋದು, ಮುಗಿದು ಜಿಂಕ್ ಬಾತ್‌ಗೆ ಇಳಿಯಬೇಕಿದ್ದ ನಮ್ಮ ಬ್ರಾಕೆಟ್‌ಗಳು ಬ್ಯಾರಲ್‌ನಲ್ಲಿ ಒದ್ದೆಯಾಗಿಯೇ ರಾತ್ರಿ ಕಳೆದಿದ್ದವು. ಒಂದನ್ನು ಎತ್ತಿಕೊಂಡೆ. ಬೆರಳಿಗೆ ಕೆಂಪು ತುಕ್ಕು ಅಂಟಿತು. ಕೆಲಸದ ಹುಡುಗರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಓನರ್‌ಗೆ ನನ್ನ ಅಪ್ಪನ ವಯಸ್ಸು. "ಮೇಡಂ, ತುಕ್ಕು ಹಿಡಿದಿದ್ದು ನಮ್ಮ ಲೆಕ್ಕಕ್ಕೇ ಹಾಕ್ಕೊಳ್ಳಿ, ರೀವರ್ಕ್ ಮಾಡಿ ಕೊಡ್ತೀನಿ. ಕರೆಂಟಿಗಾಗುವಷ್ಟು ಬಿಟ್ರೆ ಸಾಕು, ಆಮೇಲೆ ಹುಡುಗರಿಗೆ ಯುಗಾದಿಗೆ ಏನಾದ್ರೂ ಕೊಡಬೇಕು" ಅಂದರು. ನಾನು ಬಾಯಿ ಬಿಡುವಷ್ಟರಲ್ಲಿ ಇನ್ನೊಂದು ಮಾತು. "ನಿಮ್ಮ ಕಂಪನಿಯವರು ಶಾಲೆಗೆ ಬೆಂಚು ಕೊಡ್ತಿರೋದು ವಾಟ್ಸಾಪ್‌ನಲ್ಲಿ ನೋಡಿದೆ. ಒಳ್ಳೇ ಕೆಲಸ ಮೇಡಂ." ಮಾತಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಬರುತ್ತಿದ್ದೆ.

ಮಾರನೇ ದಿನ ಎಂಡಿ ರೂಮಲ್ಲಿ ಮೀಟಿಂಗ್. ಆ ವರ್ಷದಿಂದಲೇ ಆದಾಯ ತೆರಿಗೆ ಕಾಯ್ದೆಯ 43ಬಿ(ಹೆಚ್) ಜಾರಿ. ಸೂಕ್ಷ್ಮ, ಸಣ್ಣ ಉದ್ಯಮದವರಿಗೆ 45 ದಿನದೊಳಗೆ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ಅವಧಿ ಮೀರಿದ್ದು ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ. ನಮ್ಮಂಥ ಕಂಪನಿಗೆ 1 ಕೋಟಿ ಹಾಗೆ ಉಳಿದರೆ ಆ ವರ್ಷ ತೆರಿಗೆ ಸುಮಾರು 25 ಲಕ್ಷ ಜಾಸ್ತಿ. 29 ಗುಡ್ ಫ್ರೈಡೆ, 31 ಭಾನುವಾರ. ಕೈಯಲ್ಲಿ ದಿನಗಳೇ ಇಲ್ಲ.

ಪರ್ಚೇಸ್ ಹೆಡ್ ಹತ್ತಿರ ಪರಿಹಾರ ರೆಡಿ ಇತ್ತು. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಿಕೊಳ್ಳಿ ಅಂತ ವೆಂಡರ್‌ಗಳಿಗೇ ಹೇಳೋಣ, ಒಪ್ಪದಿದ್ದರೆ ರಿಜಿಸ್ಟ್ರೇಷನ್ ಇಲ್ಲದವರಿಗೆ ಆರ್ಡರ್ ಕೊಡೋಣ! ಆ ಸೀಸನ್‌ನಲ್ಲಿ ಎಷ್ಟೋ ಕಂಪನಿಗಳಲ್ಲಿ ಇದೇ ಪಿಸುಮಾತು ಇತ್ತು ಬಿಡಿ. ರೂಮಲ್ಲಿ ಯಾರೂ ಉಸಿರೆತ್ತಲಿಲ್ಲ. ಬೆಂಚಿನ ಕಾರ್ಯಕ್ರಮದ ಇನ್ವಿಟೇಷನ್ ತೋರಿಸೋಕೆ ಬಂದಿದ್ದ ಸಿಎಸ್‌ಆರ್ ಹೆಡ್ ಕೂಡ ಅಲ್ಲೇ ಕೂತಿದ್ದರು, ಅವರೂ ತುಟಿ ಬಿಚ್ಚಲಿಲ್ಲ. ಎಂಡಿ ನನ್ನ ಕಡೆ ತಿರುಗಿ "ಎಷ್ಟು ಬಾಕಿ ಇದೆ ರೀ ಅವರಿಗೆಲ್ಲ?" ಅಂದರು. ಲಕ್ಷಾಂತರ ಸುರಿದು ತಂದ ಇಆರ್‌ಪಿ ಸಾಫ್ಟ್‌ವೇರ್‌ನಲ್ಲಿ, ವೆಂಡರ್ ಸಣ್ಣ ಉದ್ಯಮವೋ ಅಲ್ಲವೋ ಅಂತ ತುಂಬಬೇಕಾದ ಎಂಎಸ್‌ಎಂಇ ಕಾಲಂ ಖಾಲಿ. ನನ್ನ ಹತ್ತಿರ ಇದ್ದದ್ದು ಹಳೇ ಎಕ್ಸೆಲ್. ಅದನ್ನು ತೆರೆದು ಫಿಲ್ಟರ್ ಹಾಕುವಷ್ಟರಲ್ಲಿ ಎಸಿ ರೂಮಲ್ಲೂ ಬೆವರು.

ನಂಬರ್ ಹೇಳಿದೆ. ಫ್ಯೂಸ್ ವಿಷಯವನ್ನೂ ಹೇಳಿದೆ. ಎಂಡಿ ಮನಸ್ಸು ಕರಗಿತು ಅಂತೇನೂ ಅಲ್ಲ. ನಿಂತ ಲೈನು, ಕಸ್ಟಮರ್‌ಗೆ ತಡವಾದ ಸಪ್ಲೈ, ಮೇಲೆ ತೆರಿಗೆ, ಮೂರೂ ಒಟ್ಟಿಗೆ ಕಂಡವು. ಬ್ಲಾಕ್ ಅವತ್ತೇ ತೆಗೆಸಿದರು. ಮುಖ್ಯವಾದದ್ದು ಆಮೇಲೆ ಆಯಿತು. ತಿಂಗಳ ರಿವ್ಯೂನಲ್ಲಿ ಲಾಭ, ಡೆಲಿವರಿ ನಂಬರ್‌ಗಳ ಪಕ್ಕದಲ್ಲೇ ಸಣ್ಣ ವೆಂಡರ್‌ಗಳಿಗೆ ಎಷ್ಟು ದಿನಕ್ಕೆ ದುಡ್ಡು ಸೇರಿತು ಅನ್ನೋದೂ ಬರಬೇಕು, ಅದು ಪರ್ಚೇಸ್ ಹೆಡ್‌ನ ಅಪ್ರೈಸಲ್‌ಗೂ ಸೇರಬೇಕು ಅಂದರು. ಪರ್ಚೇಸ್ ಹೆಡ್ ಮುಖ ನೋಡಬೇಕಿತ್ತು ನೀವು.

ಸ್ಟ್ರಾಟಜಿಯನ್ನೂ ಸಾಮಾಜಿಕ ಜವಾಬ್ದಾರಿಯನ್ನೂ ಜೋಡಿಸೋದು ಹೇಗೆ ಅಂತ ಟ್ರೈನಿಂಗ್‌ಗಳಲ್ಲಿ ಎರಡು ವೃತ್ತ ಬರೆದು ತೋರಿಸುತ್ತಾರೆ. ನನ್ನ ಕೆಲಸದಲ್ಲಿ ನಾನು ಕಂಡ ಹಾಗೆ ಅದು ನಿಜವಾಗಿ ಕೂತಿರೋದು ಪೇಮೆಂಟ್ ಟರ್ಮ್ಸ್‌ನಲ್ಲಿ. ವೆಂಡರ್ ದುಡ್ಡು ತಡೆಹಿಡಿದರೆ ದಿನದ ವ್ಯವಹಾರಕ್ಕೆ ಬೇಕಾದ ದುಡ್ಡು (ವರ್ಕಿಂಗ್ ಕ್ಯಾಪಿಟಲ್) ಪುಕ್ಕಟೆ ಸಿಕ್ಕಿತು ಅಂತ ನಾವು ಖುಷಿ ಪಡುತ್ತೇವೆ. ನಮಗೆ ಬ್ಯಾಂಕ್ ಹಾಕುವ ಬಡ್ಡಿಗಿಂತ ಜಾಸ್ತಿ ಬಡ್ಡಿಗೆ ಆ ವೆಂಡರ್ ಹೊರಗೆ ಕೈಸಾಲ ತರುತ್ತಾರೆ, ಅದು ಸುತ್ತಿ ಬಳಸಿ ನಮ್ಮ ರೇಟಿಗೋ ಕ್ವಾಲಿಟಿಗೋ ಬಂದು ಬೀಳುತ್ತೆ. ಸಣ್ಣ ಉದ್ಯಮಗಳಿಗಾಗಿಯೇ ಮಾಡಿದ ಎಂಎಸ್‌ಎಂಇಡಿ ಕಾಯ್ದೆ 2006ರಿಂದಲೇ ಇದೆ. ತಡ ಮಾಡಿದರೆ ಆರ್‌ಬಿಐ ಬ್ಯಾಂಕ್ ದರದ 3 ಪಟ್ಟು ಬಡ್ಡಿ, ಅಂದರೆ ಆಗಿನ ಲೆಕ್ಕಕ್ಕೆ 20 ಪರ್ಸೆಂಟ್ ಮೇಲೆ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನಮ್ಮಲ್ಲಿ ಒಬ್ಬ ವೆಂಡರ್ ಕೂಡ ಕೇಳಿದ್ದು ನಾನು ನೋಡಿಲ್ಲ. ಕೇಳಿದರೆ ಮುಂದಿನ ಆರ್ಡರ್ ಬರುತ್ತಾ?

ಇನ್ನೊಂದು ತಮಾಷೆ. ಕಂಪನಿಯ ಮಾಮೂಲು ವ್ಯವಹಾರಕ್ಕೆ ಸೇರಿದ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ವೆಂಡರ್‌ಗೆ ಸಮಯಕ್ಕೆ ದುಡ್ಡು ಕೊಟ್ಟದ್ದು ಸಿಎಸ್‌ಆರ್ ವರದಿಗೆ ಬರಲ್ಲ, ಹಾಗಾಗಿ ಸಿಎಸ್‌ಆರ್‌ನವರ ತಲೆನೋವಲ್ಲ. ಪರ್ಚೇಸ್‌ನವರಿಗೆ ರೇಟ್ ಇಳಿಸೋದು ಟಾರ್ಗೆಟ್, ನಮಗೆ ಕ್ಯಾಶ್ ಉಳಿಸೋದು. ಮೇಲಿನ ಕುರ್ಚಿಯವರು ಕೇಳದಿದ್ದರೆ ಇದನ್ನು ಕೇಳೋರು ಯಾರೂ ಇಲ್ಲ.

ಈಗ ಎಲ್ಲಾ ಸರಿಹೋಗಿದೆಯಾ ಅಂದರೆ, ಇಲ್ಲ. ಆ ತೆರಿಗೆ ನಿಯಮ ಮಧ್ಯಮ ಉದ್ಯಮಗಳಿಗೆ ಅನ್ವಯಿಸಲ್ಲ, ಟ್ರೇಡರ್‌ಗಳಿಗೂ ಇಲ್ಲ. ನಮ್ಮಲ್ಲಿ ಅವರ ಬಿಲ್ಲುಗಳು ಈಗಲೂ ಮಾರ್ಚ್‌ನಲ್ಲಿ ಬ್ಲಾಕ್. ಪರ್ಚೇಸ್‌ನವರು ಹೊಸ ದಾರಿ ಬೇರೆ ಹುಡುಕಿದ್ದಾರೆ. ಮಾಲು ಗೇಟ್ ಒಳಗೆ ಬಂದು ವಾರ ಕಳೆದರೂ ಜಿಆರ್‌ಎನ್ (ಮಾಲು ಬಂತು ಅಂತ ಬರೆಯುವ ರಸೀದಿ) ಮಾಡಿಸಲ್ಲ, ದಿನದ ಲೆಕ್ಕ ತಡವಾಗಿ ಶುರುವಾಗಲಿ ಅಂತ. ಡೆಲಿವರಿ ಆಗಿ 15 ದಿನದೊಳಗೆ ಲಿಖಿತ ತಕರಾರು ಇಲ್ಲದಿದ್ದರೆ ಡೆಲಿವರಿ ದಿನವೇ ಲೆಕ್ಕ ಅಂತ ಎಂಎಸ್‌ಎಂಇಡಿ ಕಾಯ್ದೆಯಲ್ಲೇ ಇದೆ. ಸೆಕ್ಯುರಿಟಿಯವರ ಗೇಟ್ ಎಂಟ್ರಿ ರಿಪೋರ್ಟ್ ತರಿಸಿದ್ದೇನೆ. ಈ ತಿಂಗಳ ರಿವ್ಯೂಗೆ ಅದನ್ನು ಜಿಆರ್‌ಎನ್ ಲಿಸ್ಟ್ ಪಕ್ಕದಲ್ಲಿಟ್ಟೇ ಕಳಿಸುತ್ತೇನೆ. ಕೂಗಾಡೋರು ಕೂಗಾಡಲಿ.